ಕಾಫಿ ಕಣದಲ್ಲೇ ಮಕ್ಕಳಿಗೊಂದು ಈಜುಕೊಳ: ನನ್ನ ಅನುಭವ

ಏಪ್ರಿಲ್ ಬಂತು ಅಂದರೆ ಕಾಫಿ ಒಣಗಿಸುವ ಕಣ ಖಾಲಿ. ರೊಬಸ್ಟಾ ಒಣಗಿ ಚೀಲ ಸೇರಿರುತ್ತದೆ. ಹೂ ಬಿಡಿಸೋಕೆ ಹಾಯಿಸುವ ಬ್ಲಾಸಂ ನೀರು, ಆಮೇಲಿನ ಬ್ಯಾಕಿಂಗ್ ನೀರು ಎರಡೂ ಮುಗಿದು, ನೀರು ಚಿಮ್ಮಿಸುವ ಜೆಟ್, ಪೈಪು ಎಲ್ಲ ಶೆಡ್ಡಿನಲ್ಲಿರುತ್ತವೆ. ಸರಿಯಾಗಿ ಅದೇ ಹೊತ್ತಿಗೆ ಮಕ್ಕಳಿಗೆ ರಜೆ. ನಮ್ಮ ಮನೆಯವು ಎರಡು, ಬೆಂಗಳೂರಿನಿಂದ ಬರುವ ನಾದಿನಿಯ ಮಕ್ಕಳು ಮೂರು. ಎಲ್ಲರೂ ಮೂರರಿಂದ ಎಂಟು ವರ್ಷದವರು. ಮೂಡಿಗೆರೆ ಕಡೆಯ ನಮ್ಮ ತೋಟದಲ್ಲಿ, ಕಣದ ಒಂದು ಮೂಲೆಯಲ್ಲಿ ಒಂದೂವರೆ ಅಡಿ ನೀರು ನಿಲ್ಲಿಸಿ ಈ ಐದು ಮಕ್ಕಳನ್ನು ಈಜಿಗೆ ಬಿಟ್ಟಿದ್ದೇನೆ. "ಇದು ಆಗೋ ಕೆಲಸ ಅಲ್ಲ" ಅಂದವರೇ ಈಗ ಫೋನ್ ಮಾಡಿ ಅಳತೆ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಬೇರೆ ಜಾಗ ನೋಡಲಿಲ್ಲ ಅಂತಲ್ಲ. ಜಾವಳಿಯಲ್ಲಿ ಹುಟ್ಟಿದ ಹೇಮಾವತಿ ನಮಗೆ ಹತ್ತಿರವೇ. ಬೇಸಿಗೆಯಲ್ಲಿ ನೋಡೋಕೆ ಮೊಣಕಾಲು ಮಟ್ಟ, ಎರಡು ಹೆಜ್ಜೆ ಮುಂದಿಟ್ಟರೆ ಮರಳು ತೆಗೆದ ಗುಂಡಿ. ಹಿರೇಕೊಳಲೆ ಕೆರೆ, ಬೇಲೂರಿನ ಯಗಚಿ, ಸಖರಾಯಪಟ್ಟಣದ ಅಯ್ಯನಕೆರೆ ಎಲ್ಲ ದಡದಲ್ಲಿ ಕೂತು ನೋಡೋಕೆ ಚೆನ್ನ. ಮಕ್ಕಳನ್ನು ಇಳಿಸೋ ಜಾಗ ಅಲ್ಲ. ಕಲ್ಲತ್ತಿಗಿರಿಯಲ್ಲಿ ವೀರಭದ್ರ ದೇವಸ್ಥಾನದ ಹತ್ತಿರ ನೀರು ತೆಳ್ಳಗೆ ಹರಿಯುತ್ತದೆ, ಮಕ್ಕಳು ಮೈ ಒದ್ದೆ ಮಾಡಿಕೊಳ್ಳಬಹುದು. ಆದರೆ ಕಲ್ಲು ಜಾರುತ್ತದೆ, ಈಜು ಕಲಿಯೋಕೆ ಅಲ್ಲಿ ಆಗಲ್ಲ. ಕಾಡಿನೊಳಗಿನ ಹಳ್ಳಕ್ಕಂತೂ ಬೇಸಿಗೆಯಲ್ಲಿ ನಾನು ಮಕ್ಕಳನ್ನು ಕಳಿಸೋದೇ ಇಲ್ಲ. ಮಂಗನ ಕಾಯಿಲೆ ಹರಡುವ ಉಣುಗು ಜಾಸ್ತಿ ಇರೋದೇ ಆ ತಿಂಗಳುಗಳಲ್ಲಿ.

ಕೃಷಿ ಹೊಂಡದ ಮಾತು ಎತ್ತಲೇಬೇಡಿ. ಪ್ಲಾಸ್ಟಿಕ್ ಹಾಸಿದ ಇಳಿಜಾರು ಅದು, ಬಿದ್ದರೆ ದೊಡ್ಡವರಿಗೇ ಹತ್ತಿ ಬರೋಕೆ ಆಗಲ್ಲ. ಬೇಲಿ ಹಾಕಿ, ಒಳಗೆ ಹಗ್ಗ ಇಳಿಬಿಟ್ಟು, ಗೇಟಿಗೆ ಬೀಗ ಹಾಕಿ. ಅಷ್ಟೇ ಅದರ ಕೆಲಸ. ರೆಸಾರ್ಟಿನ ಡೇ ಔಟ್ ಒಂದು ಸಲ ಮಾಡಿದೆವು. ಎಂಟು ಜನಕ್ಕೆ ಹತ್ತು ಸಾವಿರ ದಾಟಿತು. ಅಲ್ಲಿನ ಕೊಳ ನಾಲ್ಕು ಅಡಿ, ಚಿಕ್ಕವಳು ಇಡೀ ದಿನ ನನ್ನ ಸೊಂಟದ ಮೇಲೇ ಇದ್ದಳು.

ಕಣದ ಯೋಚನೆ ಹೇಳಿದಾಗ ಭಾವನವರು, "ಕಣ ಬಿರುಕು ಬಿಡುತ್ತೆ ನೋಡಮ್ಮ" ಅಂದರು. ಲೆಕ್ಕ ಹಾಕಿ ತೋರಿಸಿದೆ. ಒಂದೂವರೆ ಅಡಿ ನೀರು ಅಂದರೆ ಚದರ ಅಡಿಗೆ ನಲವತ್ತು ಕೆಜಿ ಚಿಲ್ಲರೆ. ಮೂಟೆ ತುಂಬಿದ ಪಿಕಪ್ ಅದೇ ಕಣದ ಮೇಲೆ ತಿರುಗುತ್ತದೆ ಅಲ್ವಾ? ಅತ್ತೆಯ ಪ್ರಶ್ನೆ ಬೇರೆ. "ಕುಡಿಯೋಕೆ ನೀರಿಲ್ಲದ ಕಾಲದಲ್ಲಿ ಆಟಕ್ಕೆ ನೀರಾ?" ಇದಕ್ಕೆ ಉತ್ತರ ಸಿಗೋಕೆ ಒಂದು ಬೇಸಿಗೆ ಬೇಕಾಯಿತು.

ಅಳತೆ ಹದಿನಾರು ಅಡಿಗೆ ಹತ್ತು. ಕಣಕ್ಕೆ ಹೇಗೂ ಇಳಿಜಾರು ಇರುತ್ತದೆ, ಹಾಗಾಗಿ ಒಂದು ತುದಿಯಲ್ಲಿ ನೀರು ಹದಿನಾಲ್ಕು ಇಂಚು, ಇನ್ನೊಂದು ತುದಿಯಲ್ಲಿ ಹದಿನೆಂಟು. ತೋಟದ ಕೆಲಸಗಾರರ ಲೈನ್ ಮನೆ ಕಟ್ಟೋಕೆ ತಂದಿದ್ದ ಆರಿಂಚಿನ ಸಾಲಿಡ್ ಬ್ಲಾಕ್ ಇದ್ದವು. ಸಿಮೆಂಟ್ ಹಾಕದೆ ಸುಮ್ನೆ ನಿಲ್ಲಿಸಿ ಮೂರು ವರಸೆ ಜೋಡಿಸಿದೆ. ಮಕ್ಕಳನ್ನು ಇಳಿಸುವ ಮೊದಲು ತುಂಬಿಸಿ ನೋಡಿದ್ದು ಒಳ್ಳೆಯದಾಯಿತು. ಉದ್ದದ ಗೋಡೆ ನಡುವೆ ಉಬ್ಬಿತು, ಹತ್ತು ನಿಮಿಷದಲ್ಲಿ ನೀರೆಲ್ಲ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆ ಕಡೆಗೆ ಹೋಯಿತು. ಒಳಗೆ ಹಾಸಿದ್ದ ಟಾರ್ಪಾಲ್ ಕೂಡ ಹರಿಯಿತು. ಸಾವಿರದ ಎಂಟುನೂರು ರೂಪಾಯಿ ಅದಕ್ಕೇ ಹೋಯಿತು.

ಎರಡನೇ ಸಲ ಅದೇ ಬ್ಲಾಕುಗಳನ್ನು ಮಲಗಿಸಿದೆ. ಗೋಡೆ ಎಂಟಿಂಚು ದಪ್ಪ ಆಯಿತು, ನಾಲ್ಕು ವರಸೆ, ಸಂದಿ ಮೇಲೆ ಸಂದಿ ಬರದ ಹಾಗೆ. ನೂರೈವತ್ತು, ನೂರಾ ಅರವತ್ತು ಬ್ಲಾಕ್ ಹಿಡಿಯಿತು. ಹೊರಗಡೆ ಸುತ್ತಲೂ ಗೊಬ್ಬರದ ಖಾಲಿ ಚೀಲಕ್ಕೆ ಮಣ್ಣು ತುಂಬಿ ಒತ್ತಾಗಿ ಇಟ್ಟೆ. ಇಪ್ಪತ್ತನಾಲ್ಕಕ್ಕೆ ಹದಿನೆಂಟರ ದಪ್ಪ ಟಾರ್ಪಾಲ್, 250 ಜಿಎಸ್ಎಂನದ್ದು, ಮೂರೂವರೆ ಸಾವಿರದ ಆಸುಪಾಸು. ತಿಳಿ ಬಣ್ಣದ್ದೇ ತನ್ನಿ. ಕಪ್ಪಾದರೆ ನೀರು ಬೇಗ ಬೆಚ್ಚಗಾಗುತ್ತದೆ ನಿಜ, ಆದರೆ ತಳದಲ್ಲಿರುವ ಮಗು ಕಾಣಲ್ಲ. ಮೂಲೆಯಲ್ಲಿ ಟಾರ್ಪಾಲ್ ಮಡಚೋಕೆ ನಾನೇ ಕಂಡುಕೊಂಡ ಒಂದು ರೀತಿ ಇದೆ. ಮನೆಗೆ ಬಂದವರಿಗೆ ತೋರಿಸುತ್ತೇನೆ, ಇಲ್ಲಿ ಬರೆಯಲ್ಲ.

ಟಾರ್ಪಾಲ್ ಮೇಲೆ ಮಕ್ಕಳು ಜಾರದಿರಲಿ ಅಂತ ತೆಂಗಿನ ನಾರಿನ ಚಾಪೆ ಹಾಸಿ ನೋಡಿದೆ. ಅರ್ಧ ದಿನದಲ್ಲಿ ನೀರು ಕಷಾಯದ ಬಣ್ಣಕ್ಕೆ ಬಂತು. ಗೋಣಿ ತಾಟು ವಾಸನೆ ಬಂತು. ಕೊನೆಗೆ ತಿಳಿದದ್ದು, ಟಾರ್ಪಾಲ್ ಜಾರೋದಕ್ಕೆ ಮುಖ್ಯ ಕಾರಣ ಪಾಚಿ. ಮೊದಲ ಬೇಸಿಗೆಯಲ್ಲಿ ಒಂದು ಸಲ ತುಂಬಿಸಿದ ನೀರನ್ನು ವಾರ ಇಡುತ್ತಿದ್ದೆ. ಮೂರನೇ ದಿನಕ್ಕೆ ಹಸಿರು, ಐದನೇ ದಿನಕ್ಕೆ ಸೊಳ್ಳೆ ಮರಿ. ಬ್ಲೀಚಿಂಗ್ ಪೌಡರ್ ಜಾಸ್ತಿ ಮಾಡಿದರೆ ಮಕ್ಕಳ ಕಣ್ಣು ಕೆಂಪು. ಅದರ ಜೊತೆಗೆ, ರಾತ್ರಿಯಿಡೀ ಅಂಗಳದ ಹತ್ತಿರ ನೀರು ನಿಂತಿದೆ ಅನ್ನೋ ಭಯಕ್ಕೆ ನನಗೆ ನಿದ್ದೆ ಇರಲಿಲ್ಲ.

ಹಾಗಾಗಿ ಈಗ ದಿನವೂ ಖಾಲಿ ಮಾಡುತ್ತೇನೆ. ಆರು ಸಾವಿರ ಲೀಟರ್ ದಿನಾ ಚೆಲ್ಲೋದಾ ಅಂತ ಕೇಳಬೇಡಿ. ಚೆಲ್ಲಲ್ಲ, ಅಡಿಕೆಗೆ ಹೋಗುತ್ತದೆ. ಬೇಸಿಗೆಯಲ್ಲಿ ಮರಕ್ಕೆ ದಿನಕ್ಕೆ 15-20 ಲೀಟರ್ ಕೊಟ್ಟೇ ಕೊಡುತ್ತೇವೆ. ನಮ್ಮ ಕೆಳಗಿನ ಮುನ್ನೂರು ಮರಕ್ಕೆ ಇದೇ ಒಂದು ದಿನದ ನೀರು. ಮೊದಲು ನೇರ ಹೋಗುತ್ತಿದ್ದದ್ದು ಈಗ ಕೊಳದ ಮೂಲಕ ಹೋಗುತ್ತಿದೆ, ಅಷ್ಟೇ. ಇದನ್ನು ಕಂಡ ಮೇಲೆ ಅತ್ತೆ ಒಪ್ಪಿದರು. ಈಗ ಸಂಜೆ ಯಾವ ಸಾಲಿಗೆ ನೀರು ತಿರುಗಿಸಬೇಕು ಅಂತ ಹೇಳೋದು ಅವರೇ.

ಖಾಲಿ ಮಾಡೋಕೆ ಟಾರ್ಪಾಲಿಗೆ ತೂತು ಹಾಕಿ ಪೈಪು ಕೂರಿಸಿದ್ದೆ, ಸೋರಿತು. ಈಗ ಎರಡಿಂಚಿನ ಹೋಸ್ ಗೋಡೆ ಮೇಲಿಂದ ಇಳಿಬಿಟ್ಟು ಸೈಫನ್. ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಮಕ್ಕಳೆಲ್ಲ ಹೊರಗೆ ಬಂದ ಮೇಲೇ ಹೋಸ್ ಹಾಕೋದು. ತಳದಲ್ಲಿ ಉಳಿದದ್ದನ್ನು ಗುಡಿಸಿ, ಟಾರ್ಪಾಲ್ ಉಜ್ಜಿ ಬಿಸಿಲಿಗೆ ಬಿಟ್ಟರೆ ಪಾಚಿ ಹತ್ತಲ್ಲ.

ತ್ರೀ ಫೇಸ್ ರಾತ್ರಿ ಬಂದರೂ ಕೊಳ ತುಂಬಿಸಲ್ಲ. ಮೇಲಿನ ಟ್ಯಾಂಕಿಗೆ ಏರಿಸಿಟ್ಟು ಬೆಳಗ್ಗೆ ಆರಕ್ಕೆ ಇಳಿಸುತ್ತೇನೆ. ಮೋಟಾರು, ವೈರು ಯಾವುದೂ ಕೊಳದ ಹತ್ತಿರ ಇರಬಾರದು. ಗಿಡಗಳಿಗೆ ಹೊಡೆಯುವ ಬೋರ್ಡೋ ದ್ರಾವಣ ಕಲಸುವ ಟ್ಯಾಂಕಿನಿಂದಂತೂ ಹನಿಯೂ ಬೇಡ, ಎಷ್ಟು ತೊಳೆದರೂ ಮೈಲುತುತ್ತದ ಅಂಶ ಇರುತ್ತದೆ. ಕೆರೆ ನೀರನ್ನೂ ನಾನು ತುಂಬಿಸಲ್ಲ. ಪಕ್ಕದ ಕೇರಳದಲ್ಲಿ 2024ರಲ್ಲಿ ಮಿದುಳಿಗೆ ಹೋಗುವ ಅಮೀಬಾಕ್ಕೆ ಮಕ್ಕಳು ಸತ್ತರು. ಬೆಚ್ಚಗಿನ ನಿಂತ ನೀರಿನಲ್ಲಿ ಇರೋದು ಅದು, ಮೂಗಿನಿಂದ ಒಳಗೆ ಹೋಗುತ್ತದೆ. ನಾನು ಬೋರಿನ ನೀರಿಗೂ ಮೂವತ್ತು ಗ್ರಾಂ ಹತ್ತಿರ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕದಡಿ, ತಿಳಿ ಮಾತ್ರ ಹಾಕುತ್ತೇನೆ. ಹತ್ತೂವರೆ ಹೊತ್ತಿಗೆ ನೀರಿನ ಚಳಿ ಹೋಗಿರುತ್ತದೆ. ಒಂದು ಗಂಟೆಗೆ ಎಲ್ಲರೂ ಹೊರಗೆ. ನರ್ಸರಿಯ ಶೇಡ್ ನೆಟ್ಟನ್ನು ಅರ್ಧಕ್ಕೆ ಕಟ್ಟಿದರೆ ಸಾಕು.

ಕಾವಲಿನ ವಿಷಯದಲ್ಲಿ ನಾನು ಯಾರ ಮಾತೂ ಕೇಳಲ್ಲ. ಮುಳುಗುವ ಮಗು ಕೂಗಲ್ಲ, ಒದ್ದಾಡೋದೂ ಕಾಣಲ್ಲ. ಒಂದು ಕೆಂಪು ಟವೆಲ್ ಇದೆ. ಅದು ಯಾರ ಹೆಗಲ ಮೇಲಿದೆಯೋ ಅವರು ಗೋಡೆ ಮೇಲೆ ಕೂತಿರಬೇಕು, ಫೋನ್ ಮುಟ್ಟಬಾರದು, ಕಾಫಿ ತರೋಕೆ ಏಳಬಾರದು. ಇಪ್ಪತ್ತು ನಿಮಿಷಕ್ಕೆ ಟವೆಲ್ ಇನ್ನೊಬ್ಬರಿಗೆ. ನಮ್ಮ ಯಜಮಾನರು ಒಮ್ಮೆ ಟವೆಲ್ ಹಾಕಿಕೊಂಡೇ ಕಾಫಿ ವ್ಯಾಪಾರಿಯ ಫೋನ್ ಎತ್ತಿದರು. ಆವತ್ತು ಆಟ ಅಲ್ಲಿಗೇ ಬಂದ್ ಮಾಡಿದೆ.

ತೋಳಿಗೆ ಹಾಕುವ ಗಾಳಿ ಪಟ್ಟಿ ಕೊಡಲಿಲ್ಲ, ಅವು ಜಾರಿ ಬರುತ್ತವೆ. ಹಳೇ ಕಾಲದ ಸೋರೆ ಬುರುಡೆ ಒಣಗಿಸಿ ಬೆನ್ನಿಗೆ ಕಟ್ಟಿ ನೋಡಿದೆ. ಚೆನ್ನಾಗಿ ತೇಲಿಸುತ್ತದೆ, ಆದರೆ ಇಷ್ಟು ಕಡಿಮೆ ನೀರಿಗೆ ಬೇಕಿಲ್ಲ. ಗುಳ್ಳೆ ಬಿಡೋದು, ಮುಖ ಮುಳುಗಿಸೋದು, ಗೋಡೆ ಒದ್ದು ಜಾರೋದು, ಇಷ್ಟೇ ಕಲಿಸಿದ್ದು. ಈ ಮೇ ಮುಗಿಯುವ ಹೊತ್ತಿಗೆ ದೊಡ್ಡವನು ಹದಿನಾರು ಅಡಿ ದಾಟಿದ. ಐದು ವರ್ಷದವಳು ಅಂಗಾತ ತೇಲುತ್ತಾಳೆ. ನೀರು ಕಂಡರೆ ಅಳುತ್ತಿದ್ದ ಚಿಕ್ಕವಳು ತಲೆ ಮುಳುಗಿಸಿ ನಗುತ್ತಾ ಏಳುತ್ತಾಳೆ.

ಬ್ಲಾಕಿಗೆ ದುಡ್ಡು ಹಾಕಲಿಲ್ಲ, ಮಳೆ ಹಿಡಿಯುವ ಮೊದಲು ಲೈನ್ ಮನೆಗೇ ವಾಪಸ್. ಹರಿದ ಟಾರ್ಪಾಲ್, ಹೋಸ್, ಕೂಲಿ ಎಲ್ಲ ಸೇರಿ ಹತ್ತು ಸಾವಿರದೊಳಗೆ. ದೊಡ್ಡವನಿಗೆ ಈಗ ಒಂದೂವರೆ ಅಡಿ ಸಾಲುತ್ತಿಲ್ಲ, ಎರಡು ಅಡಿ ಬೇಕಂತೆ. ಅಷ್ಟು ಏರಿಸಿದರೆ ಗೋಡೆ ಮೇಲಿನ ಒತ್ತಡ ಹತ್ತಿರ ಹತ್ತಿರ ಎರಡರಷ್ಟಾಗುತ್ತದೆ, ಈಗಿನ ಗೋಡೆ ತಡೆಯಲ್ಲ. ಬರುವ ಮಾರ್ಚ್ ಕೊನೆಗೆ ಕಣ ಖಾಲಿಯಾದ ಕೂಡಲೇ, ಮಕ್ಕಳು ಬರುವ ಮೊದಲು, ಜೋಡಿ ಗೋಡೆ ಹಾಕಿ ತುಂಬಿಸಿ ನೋಡುತ್ತೇನೆ.