ಬಿಳಿ ಕೋಟು ಕಳಚಿದ ಮೇಲೆ

ಹನ್ನೊಂದು ವರ್ಷ ಲ್ಯಾಬ್‌ನಲ್ಲಿ ನಿಂತೇ ಕೆಲಸ ಮಾಡಿದವನು ನಾನು. ಈಗ ಔಷಧ ಕಂಪನಿಯೊಂದರ ವಿಭಾಗ ನೋಡಿಕೊಳ್ಳುತ್ತೇನೆ, ದಿನವಿಡೀ ಮೀಟಿಂಗ್. ಈ ಕಡೆಗೆ ನನ್ನನ್ನು ತಳ್ಳಿದ್ದು ಒಂದು ಕೆಟ್ಟ ಬ್ಯಾಚ್.

2 ಲೀಟರ್ ಫ್ಲಾಸ್ಕ್‌ನಲ್ಲಿ ಬಿಸಿ ದ್ರಾವಣ ತಣಿಸಿದರೆ ಔಷಧದ ಮರಳಿನಂಥ ದಪ್ಪ ಹರಳು ಬರುತ್ತಿತ್ತು. ಅದನ್ನೇ ಕಾರ್ಖಾನೆಯ 2000 ಲೀಟರ್ ರಿಯಾಕ್ಟರ್‌ನಲ್ಲಿ, ಅಂದರೆ ದೊಡ್ಡ ಪಾತ್ರೆಯಲ್ಲಿ, ಮಾಡಿದೆವು. ಒಳಗಿನ ದ್ರವ 1000 ಪಟ್ಟಾದರೆ ಪಾತ್ರೆಯ ಮೈ ಹೆಚ್ಚುವುದು ಸುಮಾರು 100 ಪಟ್ಟು ಮಾತ್ರ. ಶಾಖ ಹೊರಹೋಗುವುದು ಆ ಮೈಯಿಂದಲೇ ಅಲ್ವಾ? ಲ್ಯಾಬ್‌ನಲ್ಲಿ ಅರ್ಧ ಗಂಟೆಗೆ ತಣಿಯುತ್ತಿದ್ದದ್ದು ಇಲ್ಲಿ ಗಂಟೆಗಟ್ಟಲೆ ತಣಿಯಲಿಲ್ಲ. ಆತುರಕ್ಕೆ ಬಿದ್ದು ಜಾಕೆಟ್‌ಗೆ, ಅಂದರೆ ಪಾತ್ರೆಯ ಸುತ್ತಲಿನ ಹೊರಕವಚಕ್ಕೆ, ತಣ್ಣೀರು ಜಾಸ್ತಿ ಬಿಡಿಸಿದೆ. ಗೋಡೆಯ ಪಕ್ಕ ಒಮ್ಮೆಗೇ ಹರಳುಗಟ್ಟಿ ಎಲ್ಲ ನುಣ್ಣನೆ ಪುಡಿಯಾಯಿತು, ಫಿಲ್ಟರ್ ಕಟ್ಟಿಕೊಂಡಿತು. ರಾತ್ರಿ ಎರಡಕ್ಕೆ ಆಪರೇಟರ್ ಬಂದು, "ಸಾರ್, ಒಂದು ಹನಿನೂ ಇಳೀತಿಲ್ಲ" ಅಂದರು.

ಮೊದಲೇ ಮಾಡಿಟ್ಟ ಸಣ್ಣ ಹರಳನ್ನು ಬೀಜದಂತೆ ಹಾಕಿ ನಿಧಾನವಾಗಿ ತಣಿಸಬೇಕು ಅನ್ನುವುದು ಆಮೇಲೆ ತಲೆಗೆ ಹೋಯಿತು. ನನ್ನದಾದರೂ ಬರೀ ಗಾತ್ರದ ಗೋಳು. 1998ರಲ್ಲಿ ರಿಟೊನವಿರ್ ಎಂಬ ಎಚ್‌ಐವಿ ಔಷಧದಲ್ಲಿ ಸುಲಭಕ್ಕೆ ಕರಗದ ಹೊಸ ಹರಳಿನ ರೂಪವೇ ಕಾಣಿಸಿಕೊಂಡು, ಕ್ಯಾಪ್ಸೂಲ್‌ಗಳನ್ನು ಮಾರುಕಟ್ಟೆಯಿಂದ ವಾಪಸ್ ತೆಗೆಯಬೇಕಾಗಿ ಬಂದಿತ್ತು.

ಬ್ಯಾಚ್ ಸರಿಮಾಡಲು ಖರೀದಿ, ಉತ್ಪಾದನೆ, ಗುಣಮಟ್ಟ ಎಲ್ಲ ವಿಭಾಗಕ್ಕೂ ಓಡಾಡಿದೆ. ಹಾಗೇ ಪ್ರಾಜೆಕ್ಟ್ ನನ್ನ ಕೈಗೆ ಬಂತು, ಕೆಲ ವರ್ಷಗಳಲ್ಲಿ ವಿಭಾಗವೂ ಬಂತು.

ಮೊದಲ ವರ್ಷ ನಾನು ಕೆಟ್ಟ ಬಾಸ್. ಯಾವ ದ್ರಾವಕ ಬಳಸಬೇಕು, ಎಷ್ಟು ಹೊತ್ತು ಕಲಕಬೇಕು, ಎಲ್ಲಕ್ಕೂ ಮೂಗು ತೂರಿಸುತ್ತಿದ್ದೆ. ಒಂದು ದಿನ ಔಷಧ ಕೆಡದೆ ಉಳಿಯುತ್ತದೆಯೇ ಎಂದು ನೋಡುವ ಸ್ಟೆಬಿಲಿಟಿ ಪರೀಕ್ಷೆಯ ವರದಿ ಬಂತು: 40 ಡಿಗ್ರಿ, 75% ತೇವಾಂಶ, ಆರನೇ ತಿಂಗಳು. ಸ್ಲೈಡ್‌ನಲ್ಲೆಲ್ಲ ಹಸಿರು, ಅಂದರೆ ಎಲ್ಲ ಪಾಸ್. ಸುಮ್ನೆ ಕ್ರೊಮ್ಯಾಟೊಗ್ರಾಮ್ ತರಿಸಿ ನೋಡಿದೆ; ಮಾದರಿಯಲ್ಲಿರುವ ಒಂದೊಂದು ವಸ್ತುವೂ ಒಂದೊಂದು ಪೀಕ್ ಆಗಿ, ಗುಡ್ಡದಂತೆ, ಕಾಣುವ ಗ್ರಾಫ್ ಅದು. ಮುಖ್ಯ ಪೀಕ್‌ನ ಹೆಗಲಿಗೆ ಅಂಟಿಕೊಂಡು ಒಂದು ಸಣ್ಣ ಉಬ್ಬು. ವಸ್ತುಗಳನ್ನು ಬೇರ್ಪಡಿಸುವ ಕೊಳವೆಯಾದ ಕಾಲಂ ಬದಲಿಸಿ ಬಿಡಿಸಿದರೆ ಅದು 0.2% ಇತ್ತು. ಗೊತ್ತಿಲ್ಲದ ಇಂಪ್ಯೂರಿಟಿ, ಅಂದರೆ ಕಲ್ಮಶ, ಸಾಮಾನ್ಯವಾಗಿ 0.1% ದಾಟಿದರೇ ಅದು ಏನೆಂದು ಪತ್ತೆ ಮಾಡಬೇಕು. ಔಷಧದ ಅನುಮತಿಗೆ ಹಾಕಬೇಕಿದ್ದ ಅರ್ಜಿ ನಾಲ್ಕು ತಿಂಗಳು ಮುಂದೆ ಹೋಯಿತು.

ಬೇಜಾರಾದದ್ದು ಅದಕ್ಕಲ್ಲ. ಆ ಉಬ್ಬನ್ನು ನನ್ನ ತಂಡದ ಹುಡುಗಿಯೊಬ್ಬಳು ಎರಡು ತಿಂಗಳ ಹಿಂದೆಯೇ ನೋಡಿದ್ದಳು. "ಹೇಳಿದ್ರೆ ನೀವೇ ಬಂದು ಪ್ರಯೋಗ ಕಿತ್ಕೋತೀರ ಅಂದ್ಕೊಂಡೆ ಸಾರ್" ಅಂದಳು. ಕಿತ್ತುಕೊಳ್ಳುತ್ತಿದ್ದೆ, ನಿಜ.

ಈಗ ಸೋಮವಾರದ ಮೀಟಿಂಗ್‌ನಲ್ಲಿ ಮೊದಲು ಕೆಟ್ಟ ಬ್ಯಾಚ್‌ಗಳನ್ನೇ ಕೇಳುತ್ತೇನೆ. ದ್ರಾವಕದ ಹೆಸರು ಬಾಯಿಗೆ ಬಂದಾಗ ನೀರು ಕುಡಿಯುತ್ತೇನೆ.