ಹಳೆಯ ಜೀಪಿನ ಗಾಲಿ ಇನ್ನಷ್ಟು ಕೆಳಗಿಳಿಯಬೇಕೇ? ಹೊಸ ಪಟ್ಟಿ ಹಾಕಿಸುವ ಮೊದಲು ಹಳೆಯದನ್ನು ಬಿಚ್ಚಿ ನೋಡಿ

ಆನೆಗೊಂದಿಯ ಬಂಡೆಗಳ ನಡುವಿನ ಗಾಡಿದಾರಿಯಲ್ಲಿ ಕಳೆದ ಬೇಸಿಗೆ ಒಂದು ಮಹೀಂದ್ರ ಎಂಎಂ 540 ಜೀಪು ಮೂರೇ ಗಾಲಿಯ ಮೇಲೆ ನಿಂತಿತ್ತು. ಹಿಂದಿನ ಎಡಗಾಲಿ ನೆಲದಿಂದ ಒಂದು ಗೇಣು ಮೇಲೆ ಸುಮ್ಮನೆ ತಿರುಗುತ್ತಿತ್ತು. ಮಾಲೀಕರು ಹಿಂದಿನ ತಿಂಗಳಷ್ಟೇ ಪ್ರತಿ ಕಮಾನಿಗೂ (ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್) ಒಂದೊಂದು ಪಟ್ಟಿ ಸೇರಿಸಿ, ಕಮಾನಿನ ತುದಿಯನ್ನು ಛಾಸಿಗೆ ಜೋಡಿಸುವ ಕೊಂಡಿಯಾದ ಶ್ಯಾಕಲ್ಲನ್ನೂ ಉದ್ದನೆಯದು ಹಾಕಿಸಿದ್ದರು. ಗಾಡಿ ಎತ್ತರವಾಯಿತು, ಕಮಾನು ಕಲ್ಲಿನಂತಾಯಿತು. ಹಳ್ಳದಲ್ಲಿ ಗಾಲಿ ಇಳಿದು ನೆಲ ಹಿಡಿಯದಿದ್ದರೆ ಆ ಎತ್ತರದಿಂದ ಏನು ಪ್ರಯೋಜನ?

ಗಾಲಿ ಮೇಲೇರಿ ಕೆಳಗಿಳಿಯುವ ಒಟ್ಟು ದೂರವೇ ಸಸ್ಪೆನ್ಷನ್ ಟ್ರಾವೆಲ್. ಅದರ ಬಹುಪಾಲು ನಿಮ್ಮ ಹಳೆಯ ಕಮಾನಿನಲ್ಲೇ ಇರುತ್ತದೆ, ಆದರೆ ತುಕ್ಕು ಹಿಡಿದು ಬಿಗಿದುಕೊಂಡಿರುತ್ತದೆ. ನಮ್ಮ ಕಡೆ ಈ ತೊಂದರೆ ಹೆಚ್ಚು. ಸಂಡೂರಿನ ಅದಿರು ರಸ್ತೆಯ ಕೆಂಪು ಪುಡಿ ಎಂದರೆ ಹೆಮಟೈಟ್, ಕಬ್ಬಿಣದ ಆಕ್ಸೈಡ್. ಅದು ಪಟ್ಟಿಗಳ ನಡುವೆ ಸೇರಿ ಮಳೆಗೆ ನೆನೆದರೆ ಒಂದರ ಮೇಲೊಂದು ಜಾರಬೇಕಾದ ಪಟ್ಟಿಗಳು ಅಂಟಿ ಕೂರುತ್ತವೆ.

ಮೊದಲು ಅಳತೆ. ಮುಂದಿನ ಒಂದು ಗಾಲಿಯನ್ನು ಚಪ್ಪಡಿಗಳ ಮೇಲೆ ನಿಧಾನವಾಗಿ ಹತ್ತಿಸಿ, ಯಾವುದಾದರೂ ಗಾಲಿ ನೆಲ ಬಿಡುವ ಹೊತ್ತಿಗೆ ನಿಲ್ಲಿಸಿ, ಚಪ್ಪಡಿಯ ಎತ್ತರ ಬರೆದಿಡಿ. ಕೊನೆಯಲ್ಲಿ ಇದೇ ಅಳತೆ ಮತ್ತೆ ಬೇಕಾಗುತ್ತದೆ.

ಬಳಿಕ ಛಾಸಿಗೆ ಸ್ಟ್ಯಾಂಡ್ ಕೊಟ್ಟು, ಆಕ್ಸಲ್ ಕೆಳಗೆ ಜಾಕ್ ಇಟ್ಟು ಕಮಾನನ್ನು ಇಳಿಸಿ. ಸೈಜುಗಲ್ಲು, ಇಟ್ಟಿಗೆಗಳ ಮೇಲೆ ಗಾಡಿ ನಿಲ್ಲಿಸಿ ಅಡಿಗೆ ನುಗ್ಗುವವರನ್ನು ಕಂಡಾಗ ನನ್ನ ಎದೆ ಝಲ್ಲೆನ್ನುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಕಮಾನನ್ನು ಆಕ್ಸಲ್ಲಿಗೆ ಬಿಗಿಯುವ, ತುಕ್ಕು ಹಿಡಿದ ಯು ಬೋಲ್ಟ್‌ಗಳೊಂದಿಗೆ ಗುದ್ದಾಡದೆ ಗ್ರೈಂಡರ್‌ನಿಂದ ಕತ್ತರಿಸಿ, ಹೊಸದನ್ನು ತನ್ನಿ. ಒಮ್ಮೆ ಬಿಗಿದು ಹಿಗ್ಗಿದ ಯು ಬೋಲ್ಟ್ ಮತ್ತೆ ಹಿಡಿತ ಕೊಡುವುದಿಲ್ಲ.

ಹೆಚ್ಚಿನವರು ಎಡವುವುದು ಕಮಾನು ಬಿಚ್ಚುವಾಗ. ಪಟ್ಟಿಗಳನ್ನು ನಡುವೆ ಒಟ್ಟಿಗೆ ಹಿಡಿದಿರುವ ಸೆಂಟರ್ ಬೋಲ್ಟ್ ಸಡಿಲವಾದ ಕ್ಷಣ ಪಟ್ಟಿಗಳು ಚಿಮ್ಮಿ ಕೈಯನ್ನೋ ಮುಖವನ್ನೋ ಹೊಡೆಯುತ್ತವೆ. ಬೋಲ್ಟಿನ ಎರಡೂ ಬದಿಗೆ ಒಂದೊಂದು ಗಟ್ಟಿ ಜಿ ಕ್ಲ್ಯಾಂಪ್ ಬಿಗಿದು, ನಂತರ ನಟ್ ತೆಗೆದು, ಕ್ಲ್ಯಾಂಪ್‌ಗಳನ್ನು ಸರದಿಯಂತೆ ಅರ್ಧರ್ಧ ಸುತ್ತು ಬಿಡುತ್ತ ಬನ್ನಿ. ಅದಕ್ಕೂ ಮುಂಚೆ ಪ್ರತಿ ಪಟ್ಟಿಯ ಮೇಲೆ ಸೀಮೆಸುಣ್ಣದಿಂದ ಅಂಕಿ ಮತ್ತು ಮುಂದಿನ ತುದಿಯ ಗುರುತು ಹಾಕಿರಬೇಕು.

ಈಗ ಪಟ್ಟಿಗಳನ್ನು ಬಿಸಿಲಿಗೆ ಹಿಡಿದು ನೋಡಿ. ಕೆಳಗಿನ ಪಟ್ಟಿಯ ತುದಿ ಮೇಲಿನದನ್ನು ವರ್ಷಗಟ್ಟಲೆ ಕೊರೆದು ಅಲ್ಲೊಂದು ತಗ್ಗು, ತಗ್ಗಿನ ಅಂಚಿಗೆ ಉಗುರಿಗೆ ಸಿಗುವಂಥ ಏಣು ಮಾಡಿರುತ್ತದೆ. ಕಮಾನು ಬಾಗುವಾಗ ತುದಿ ಸಿಕ್ಕಿಕೊಳ್ಳುವುದು ಈ ಏಣಿಗೇ. ವೈರ್ ಬ್ರಷ್‌ನಿಂದ ತುಕ್ಕು ತೆಗೆದು, ಏಣನ್ನು ಮಟ್ಟಸ ಮಾಡಿ, ಕೆಳಪಟ್ಟಿಯ ಚೂಪು ತುದಿಯನ್ನು ದುಂಡಗೆ ಉಜ್ಜಿ. ಪಟ್ಟಿಯ ಉದ್ದಕ್ಕೇ ಉಜ್ಜಬೇಕು. ಅಡ್ಡಗೆರೆ ಬಿದ್ದರೆ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ಲೋಹ ನೀಲಿಗಟ್ಟುವಷ್ಟು ಬಿಸಿಯಾಗಲು ಬಿಡಬೇಡಿ. ಗ್ಯಾಸ್ ಕಟಿಂಗ್, ವೆಲ್ಡಿಂಗ್ ಎರಡನ್ನೂ ಪಟ್ಟಿಯ ಹತ್ತಿರ ಸುಳಿಯಗೊಡಬೇಡಿ, ಹದ ಕೆಟ್ಟ ಪಟ್ಟಿ ಕುಡುಗೋಲು ಮಾಡಲಷ್ಟೇ ಯೋಗ್ಯ. ಬಿರುಕು ಕಾಣಲು ಸುಲಭ ದಾರಿ ಇದೆ: ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣ ಬಳಿಯಿರಿ. ಬಿರುಕಿದ್ದಲ್ಲಿ ಸ್ವಲ್ಪ ಹೊತ್ತಿಗೆ ಒದ್ದೆ ಗೆರೆ ಮೂಡುತ್ತದೆ. ಅಂಥದ್ದನ್ನು ಗುಜರಿಗೆ ಹಾಕಿ.

ಸುಟ್ಟ ಎಂಜಿನ್ ಆಯಿಲ್ ಸುರಿಯುವ ಚಾಳಿ ನಮ್ಮಲ್ಲಿ ಬಹಳ ಹಳೆಯದು. ಅದು ಕಮಾನಿನ ತುದಿಯ ತೂತುಗಳಲ್ಲಿ ಕೂರುವ ರಬ್ಬರ್ ಬುಷ್ ತಿನ್ನುತ್ತದೆ, ದೂಳನ್ನು ಹಿಡಿದಿಟ್ಟು ಪಟ್ಟಿಗಳನ್ನು ಸವೆಸುತ್ತದೆ. ಸಾದಾ ಗ್ರೀಸಿನ ಕಥೆಯೂ ಅದೇ. ಒಣ ಗ್ರಾಫೈಟ್ ಲೇಪನವನ್ನು ತೆಳ್ಳಗೆ ಕೊಡಿ, ಬೇರೇನೂ ಬೇಡ.

ಭಾರ ಹೊರದ ಗಾಡಿಯಾಗಿದ್ದರೆ ಮಧ್ಯದ ಒಂದು ಪಟ್ಟಿಯನ್ನು ತೆಗೆದು, ಅದೇ ದಪ್ಪದ ಚಿಕ್ಕ ತುಂಡನ್ನು ನಡುವೆ ಕೂರಿಸಬಹುದು. ಎಡಬಲ ಎರಡರಲ್ಲೂ ಅದೇ ಪಟ್ಟಿ ಹೋಗಬೇಕು. ಮೇಲಿನ ಎರಡು ಪಟ್ಟಿಗಳನ್ನು ಮುಟ್ಟಬೇಡಿ. ಮುಖ್ಯ ಪಟ್ಟಿ ತುಂಡಾದಾಗ ಆಸರೆಯಾಗುವುದು ಎರಡನೆಯದೇ. ವಾರಕ್ಕೊಮ್ಮೆ ಭತ್ತದ ಚೀಲ ಹೇರುವವರು ಈ ಕೆಲಸಕ್ಕೆ ಕೈಹಾಕುವುದು ಬೇಡ. ಪಟ್ಟಿಗಳನ್ನು ಹಿಡಿದಿಡುವ ಕ್ಲಿಪ್‌ಗಳನ್ನು ತೆಗೆದೆಸೆಯದೆ ಎರಡು ಮೂರು ಮಿ.ಮೀ. ಸಡಿಲ ಬಿಡಿ.

ಕಮಾನನ್ನು ಗಾಡಿಗೆ ಕೂರಿಸಿದ ಮೇಲೆ ಬುಷ್ ಬೋಲ್ಟ್‌ಗಳನ್ನು ಕೈಬಿಗಿಯಷ್ಟೇ ತಿರುಗಿಸಿ, ಯು ಬೋಲ್ಟ್‌ಗಳನ್ನು ಅಡ್ಡಡ್ಡ ಸರದಿಯಲ್ಲಿ ಬಿಗಿದು, ಗಾಡಿಯನ್ನು ನೆಲಕ್ಕಿಳಿಸಿ. ಬುಷ್ ಬೋಲ್ಟ್‌ಗಳ ಪೂರ್ತಿ ಬಿಗಿ ಆಮೇಲೆ. ಗಾಲಿ ನೇತಾಡುತ್ತಿರುವಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡೇ ಉಳಿದು, ಕಮಾನನ್ನು ತಡೆದು, ಬೇಗ ಹರಿಯುತ್ತದೆ. ಅಂಗಡಿಯಲ್ಲಿ ತೋರಿಸುವ ಬಣ್ಣಬಣ್ಣದ ಗಟ್ಟಿ ಪಾಲಿಯುರೆಥೇನ್ ಬುಷ್‌ಗಳಿಗೆ ಮರುಳಾಗಬೇಡಿ. ಬಂಡೆಯ ಮೇಲೆ ಕಮಾನು ಓರೆಯಾಗಿ ತಿರುಚಬೇಕು, ಮೆತ್ತನೆಯ ರಬ್ಬರ್ ಅದಕ್ಕೆ ಅವಕಾಶ ಕೊಡುತ್ತದೆ.

ಉದ್ದ ಶ್ಯಾಕಲ್ ಬೇಡವೆನ್ನುವುದು ನನ್ನ ಖಚಿತ ಅಭಿಪ್ರಾಯ. 50 ಮಿ.ಮೀ. ಉದ್ದ ಮಾಡಿದರೆ ಗಾಡಿ ಏರುವುದು ಸುಮಾರು 25 ಮಿ.ಮೀ. ಮಾತ್ರ. ಮುಂಗಮಾನಿನ ಶ್ಯಾಕಲ್ ಮುಂತುದಿಯಲ್ಲಿರುವ ಗಾಡಿಗಳಲ್ಲಿ ಕ್ಯಾಸ್ಟರ್ (ಸ್ಟಿಯರಿಂಗನ್ನು ನೇರ ನಿಲ್ಲಿಸುವ ಓರೆ ಕೋನ) ಕಡಿಮೆಯಾಗಿ ಸ್ಟಿಯರಿಂಗ್ ಹೆದ್ದಾರಿಯಲ್ಲಿ ಅಲೆದಾಡುತ್ತದೆ. ಮೂಲ ರಚನೆ ಬದಲಿಸುವವರನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮೂ ತಡೆಯುತ್ತದೆ.

ಇನ್ನು ಶಾಕ್ ಅಬ್ಸಾರ್ಬರ್. ಇಷ್ಟೆಲ್ಲ ಬಿಡಿಸಿದ ಮೇಲೂ ಗಾಲಿ ಇಳಿಯದಿದ್ದರೆ ಹಿಡಿದು ನಿಲ್ಲಿಸುತ್ತಿರುವುದು ಇದೇ. ಶಾಕ್ ಕಳಚಿ, ಅದರ ಮೇಲಿನ ಮತ್ತು ಕೆಳಗಿನ ಪಿನ್‌ಗಳ ನಡುವಿನ ದೂರವನ್ನು ಎರಡು ಸಲ ಅಳೆಯಿರಿ: ಗಾಲಿ ಮೇಲೇರಿ ಬಂಪ್ ಸ್ಟಾಪ್ (ಆಕ್ಸಲ್ ಛಾಸಿಗೆ ಬಡಿಯದಂತೆ ತಡೆಯುವ ತುಂಡು) ಮುಟ್ಟಿದಾಗ ಒಮ್ಮೆ, ಪೂರ್ತಿ ಜೋತುಬಿದ್ದಾಗ ಒಮ್ಮೆ. 32 ಮತ್ತು 54 ಸೆಂ.ಮೀ. ಬಂತೆನ್ನಿ. ಮುಚ್ಚಿದಾಗ 30 ಸೆಂ.ಮೀ. ಇದ್ದು, ತೆರೆದಾಗ 55 ಆಗುವ ಶಾಕ್ ಹುಡುಕಿದರೆ ಸಿಗುವುದಿಲ್ಲ. ರಾಡ್ ಕೊಳವೆಯೊಳಗೇ ಅಡಗಬೇಕಲ್ಲ, ಹಾಗಾಗಿ ತೆರೆದ ಉದ್ದ ಮುಚ್ಚಿದ ಉದ್ದದ ಇಮ್ಮಡಿಗಿಂತ ಸಾಕಷ್ಟು ಕಡಿಮೆಯೇ ಇರುತ್ತದೆ. 30ರದ್ದು 48ರ ಆಸುಪಾಸಿನಲ್ಲಿ ನಿಂತು, ಪ್ರತಿ ಹಳ್ಳದಲ್ಲೂ ತನ್ನ ಬ್ರಾಕೆಟ್ಟನ್ನೇ ಜಗ್ಗುತ್ತದೆ. ಮುಚ್ಚಿದಾಗ 34, ತೆರೆದಾಗ 55 ಇರುವುದನ್ನು ತಂದು, ಬಂಪ್ ಸ್ಟಾಪ್‌ಗೆ 4 ಸೆಂ.ಮೀ. ದಪ್ಪದ ತುಂಡು ಸೇರಿಸಿ. ಆಗ 36ಕ್ಕೇ ಬಂಪ್ ಸ್ಟಾಪ್ ಮುಟ್ಟುತ್ತದೆ, ಶಾಕ್‌ನ ತಳ ಒಡೆಯುವುದಿಲ್ಲ. ಮೇಲಿನ 4 ಸೆಂ.ಮೀ. ಹೋಗುತ್ತದೆ, ಕೆಳಗಿನ 6 ಸಿಗುತ್ತದೆ. ಬಂಡೆ ಹಾದಿಗೆ ಬೇಕಿರುವುದು ಕೆಳಗಿನದೇ. ಜಾಗ ಸಿಗಲೆಂದು ಬಂಪ್ ಸ್ಟಾಪನ್ನೇ ಕಿತ್ತೆಸೆಯುವುದು ಮಾತ್ರ ಶುದ್ಧ ತಪ್ಪು.

ಗಾಲಿ ಜೋತುಬಿದ್ದಿರುವಾಗಲೇ ಬ್ರೇಕ್ ಹೋಸ್ ಬೆರಳಿಗೆ ಸಡಿಲ ಸಿಗುತ್ತದೆಯೇ, ಎಂಜಿನ್ನಿನ ಬಲವನ್ನು ಆಕ್ಸಲ್ಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಜಾರುವ ತುದಿ ಸಾಕಷ್ಟು ಒಳಗಿದೆಯೇ ನೋಡಿ. ಹೋಸ್ ತಂತಿಯಂತೆ ಬಿಗಿದಿದ್ದರೆ ಉದ್ದನೆಯದು ಹಾಕಿಸುವವರೆಗೆ ಗಾಡಿ ಹೊರಡಿಸಬೇಡಿ. 100 ಕಿ.ಮೀ. ಓಡಿಸಿ ಯು ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿದು, ಅದೇ ಚಪ್ಪಡಿಗಳನ್ನು ತಂದು, ಅದೇ ಗಾಲಿಯನ್ನು ಹತ್ತಿಸಿ ಅಳೆಯಿರಿ.