ಪೈಪಿನಲ್ಲಿ ಚಿಮಿಣಿ ಎಣ್ಣೆ, ಪಟ್ಟಿ ಮಾತ್ರ ನೀರಿನದ್ದು

ಕಾಸರಗೋಡಿನ ಬದಿಯಡ್ಕದ ಹತ್ತಿರ ನನ್ನದೊಂದು ಸಣ್ಣ ಶೆಡ್ ಇದೆ. ಅಡಿಕೆ ಡ್ರೈಯರ್‌ಗಳಿಗೆ ಬ್ಲೋವರ್, ಡಕ್ಟ್ (ಗಾಳಿ ಸಾಗಿಸುವ ದೊಡ್ಡ ಕೊಳವೆ) ಕೂರಿಸಿಕೊಡುತ್ತೇನೆ. ಒಲೆ ಹಚ್ಚುವ ಮೊದಲು ಡಕ್ಟಿನ ಗಾಳಿಯ ವೇಗ ಅಳೆಯದೆ ಯಾವ ಡ್ರೈಯರನ್ನೂ ಬಿಟ್ಟುಕೊಡುವುದಿಲ್ಲ.

ಮೇಸ್ತ್ರಿಗಳ ಲೆವೆಲ್ ಪೈಪನ್ನು ಯು ಆಕಾರದಲ್ಲಿ ಹಲಗೆಗೆ ಕಟ್ಟಿ ದ್ರವ ತುಂಬಿದರೆ ಮ್ಯಾನೋಮೀಟರ್, ಅಂದರೆ ಒತ್ತಡ ಅಳೆಯುವ ಸಾಧನ, ಆಯಿತು. ಒಂದು ತುದಿ ಗಾಳಿಗೆ ಎದುರಾಗಿ ಹಿಡಿದ ಪಿಟೋಟ್ ಕೊಳವೆಗೆ, ಇನ್ನೊಂದು ಡಕ್ಟಿನ ಗೋಡೆಯ ತೂತಿಗೆ. ಎರಡೂ ಕಡೆಯ ಮಟ್ಟದ ವ್ಯತ್ಯಾಸ ನೋಡಿ, ಎಷ್ಟು ಮಿ.ಮೀ.ಗೆ ಎಷ್ಟು ವೇಗ ಎಂದು ಬರೆದಿಟ್ಟ ಪಟ್ಟಿಯಲ್ಲಿ ವೇಗ ಹುಡುಕುತ್ತಿದ್ದೆ.

ಮೊದಲು ನೀರು ಹಾಕುತ್ತಿದ್ದೆ. ನೀರು ಪೈಪಿಗೆ ಅಂಟಿಕೊಳ್ಳುತ್ತದೆ, ಮಟ್ಟ ಸರಿಯಾಗಿ ಕಾಣುವುದಿಲ್ಲ. ತೆಂಗಿನೆಣ್ಣೆ ಹಾಕಿ ನೋಡಿದೆ. ಅದು ನಿಧಾನ, ಚಳಿಯ ಬೆಳಿಗ್ಗೆ ಗಟ್ಟಿಯೇ ಆಗಿಬಿಡುತ್ತದೆ. ಕೊನೆಗೆ ರೇಷನ್ ಅಂಗಡಿಯ ನೀಲಿ ಚಿಮಿಣಿ ಎಣ್ಣೆ (ಸೀಮೆಎಣ್ಣೆ) ಹಾಕಿದೆ. ಬಣ್ಣ ಚೆನ್ನಾಗಿ ಕಾಣುತ್ತದೆ, ಸಲೀಸಾಗಿ ಏರಿಳಿಯುತ್ತದೆ. ವ್ಯತ್ಯಾಸ 5 ಮಿ.ಮೀ. ಬಂತು. ಪಟ್ಟಿ ಪ್ರಕಾರ ಸೆಕೆಂಡಿಗೆ 9.2 ಮೀಟರ್. ನನಗೆ ಬೇಕಿದ್ದದ್ದು 9. ಖುಷಿಯಿಂದ ಡ್ರೈಯರ್ ಬಿಟ್ಟುಕೊಟ್ಟೆ.

ವಾರದೊಳಗೆ ಫೋನ್ ಬಂತು. "ಮೇಲಿನ ಅಡಿಕೆ ಇನ್ನೂ ಹಸಿ ಬಾವ, ಗಾಳಿ ಸಾಲದು."

ಎರಡು ದಿನ ಡಕ್ಟಿನ ಸೋರಿಕೆ ಹುಡುಕಿದೆ. ಸಿಗಲಿಲ್ಲ. ಆಮೇಲೆ ಪೈಪಿಗೆ ಮತ್ತೆ ನೀರು ತುಂಬಿ ನೋಡಿದರೆ 4 ಮಿ.ಮೀ. ಬ್ಲೋವರ್ ಅದೇ, ಕೊಳವೆ ಅದೇ! ಆಗ ತಪ್ಪು ಹೊಳೆಯಿತು. ಗಾಳಿ ಎತ್ತಿ ಹಿಡಿಯುವುದು ದ್ರವದ ಭಾರವನ್ನು. ದ್ರವ ಹಗುರವಾದರೆ ಅಷ್ಟೇ ಒತ್ತಡಕ್ಕೆ ಜಾಸ್ತಿ ಎತ್ತರ ಏರುತ್ತದೆ. ನನ್ನ ಪಟ್ಟಿ ನೀರಿನದ್ದು, 1 ಮಿ.ಮೀ.ಗೆ 9.8 ಪಾಸ್ಕಲ್ (ಒತ್ತಡದ ಅಳತೆ) ಎಂದು ಹಾಕಿದ್ದು.

ಒಂದು ಬಾಟಲಿಗೆ ಗೆರೆ ಎಳೆದು, ಅಲ್ಲಿಯವರೆಗೆ ನೀರು ತುಂಬಿ ತೂಗಿದೆ. ಬಾಟಲಿಯ ತೂಕ ಕಳೆದು 500 ಗ್ರಾಂ. ಅದೇ ಗೆರೆಗೆ ಚಿಮಿಣಿ ಎಣ್ಣೆ 400 ಗ್ರಾಂ. ಅಂದರೆ ನೀರಿನ 0.8 ಪಾಲು. 5 ಮಿ.ಮೀ. ಎಣ್ಣೆಯೆಂದರೆ 4 ಮಿ.ಮೀ. ನೀರು, ನಿಜವಾದ ವೇಗ 8.2 ಮೀಟರ್ ಮಾತ್ರ. ವೇಗ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರುವುದರಿಂದ, ಒತ್ತಡದಲ್ಲಿ 25 ಶೇಕಡಾ ತಪ್ಪಿದರೂ ವೇಗದಲ್ಲಿ 12ರಷ್ಟೇ ತಪ್ಪಿತ್ತು. ಅಡಿಕೆ ಹಸಿಯಾಗಿ ಉಳಿಯಲು ಅಷ್ಟು ಸಾಕಾಯಿತು.

ಗಾಳಿಯ ಸಾಂದ್ರತೆ ಬೇರೆ ಲೆಕ್ಕ, ಎರಡನ್ನೂ ಬೆರೆಸಬಾರದು. 30 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.16 ಕಿಲೋ, 60 ಡಿಗ್ರಿಯಲ್ಲಿ 1.06. ಅದಕ್ಕೇ ನಾನು ತಣ್ಣಗಿರುವಾಗಲೇ ಅಳೆಯುವುದು. ಚಿಮಿಣಿ ಎಣ್ಣೆಯನ್ನು ಬೆಂಕಿಯ ಹತ್ತಿರ ಒಯ್ಯುವಂತೆಯೂ ಇಲ್ಲ, ಅಲ್ವಾ?

ಗಾಳಿ ಹೆಚ್ಚಿಸಲು ಬ್ಲೋವರಿನ ಪುಲ್ಲಿ ಬದಲಾಯಿಸಿದೆ. ಈಗ ಪೈಪ್ ಒಂದನ್ನು 10ಕ್ಕೆ 1ರಷ್ಟು ಓರೆಯಾಗಿ ಕಟ್ಟಿದ್ದೇನೆ, ಇನ್ನೊಂದು ಕಡೆ ಅಗಲ ಬಾಯಿಯ ಬಾಟಲಿ. 6 ಮಿ.ಮೀ. ಎತ್ತರ ಪೈಪಿನುದ್ದಕ್ಕೆ 60 ಮಿ.ಮೀ. ಆಗಿ ಕಾಣುತ್ತದೆ. ಆ 60ರ ಎದುರು ಹಲಗೆಯ ಮೇಲೆ ಪೇಂಟಿನಲ್ಲಿ ಬರೆದಿದ್ದೇನೆ: ಚಿಮಿಣಿ ಎಣ್ಣೆ, 0.8, ವೇಗ 9.